ಜಿಲ್ಬೆರ್ಟೊ ಜಿಲ್ ಸಂಗೀತ: ಎಲ್ಲಿಂದ ಶುರು ಮಾಡಬೇಕು, ಯಾವ ಕ್ರಮದಲ್ಲಿ ಕೇಳಬೇಕು

"ಬ್ರೆಜಿಲ್‌ನ ಜಿಲ್ಬೆರ್ಟೊ ಜಿಲ್ ಅವರ ಹಾಡು ಕೇಳಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ತೊಂದರೆ ಇರುವುದು ಇಲ್ಲಿ. ಜಿಲ್ ಹುಟ್ಟಿದ್ದು 1942ರಲ್ಲಿ, ಹಾಡುತ್ತಿರುವುದು 1960ರ ದಶಕದಿಂದ. ಒಂದು ಆಲ್ಬಮ್ ಹಾಕಿದರೆ ಹಳ್ಳಿಯ ಅಕಾರ್ಡಿಯನ್, ಇನ್ನೊಂದರಲ್ಲಿ ರಾಕ್ ಗಿಟಾರ್, ಮತ್ತೊಂದರಲ್ಲಿ ರೆಗೆ, ಅದರ ಪಕ್ಕದಲ್ಲೇ ಡಿಸ್ಕೊ. ಕೈಗೆ ಸಿಕ್ಕ ಒಂದನ್ನು ಕೇಳಿ "ಓ, ಇಷ್ಟೇನಾ" ಅಂತ ಬಿಟ್ಟವರು ಜಾಸ್ತಿ. 1967ರ ಮೊದಲ ಆಲ್ಬಮ್‌ನಿಂದ ಒಂದೊಂದಾಗಿ ಕೇಳೋಣ ಅಂತ ಹೊರಟವರೂ ಅರ್ಧಕ್ಕೇ ಸುಸ್ತಾಗುತ್ತಾರೆ. ಆದ್ದರಿಂದ ನನ್ನ ಕ್ರಮ ಸ್ವಲ್ಪ ಬೇರೆ. ಮೊದಲು ತಾಳ, ಆಮೇಲೆ 1972, ಅಲ್ಲಿಂದ ಹಿಂದಕ್ಕೆ, ಮತ್ತೆ ಮುಂದಕ್ಕೆ. ಯಾಕೆ ತಾಳ ಮೊದಲು? ಜಿಲ್ ಹೊಸ ವಾದ್ಯ, ಹೊಸ ಶೈಲಿ ಏನೇ ತಂದರೂ ಅದನ್ನು ಹೆಚ್ಚಿನ ಸಲ ಕೂರಿಸುವುದು ತಮ್ಮೂರಿನ ತಾಳದ ಮೇಲೆ. ಆ ಕೆಳಗಿನ ಪದರ ಕಿವಿಗೆ ಬೀಳದಿದ್ದರೆ ಈ ಬೆರಕೆಯಲ್ಲಿ ಏನು ವಿಶೇಷ ಅನ್ನುವುದೇ ಗೊತ್ತಾಗುವುದಿಲ್ಲ.

ಏನೇನು ಬೇಕು

ಪೋರ್ಚುಗೀಸ್ ಬರಬೇಕಾಗಿಲ್ಲ. ಒಂದು ಒಳ್ಳೆ ಹೆಡ್‌ಫೋನ್ ಬೇಕು, ಮೊಬೈಲ್ ಸ್ಪೀಕರ್ ಸಾಲದು. ಇಲ್ಲಿ ಕೇಳಬೇಕಾದ್ದರಲ್ಲಿ ಅರ್ಧ ಇರುವುದು ದೊಡ್ಡ ಡೋಲು ಮತ್ತು ಬೇಸ್ ಗಿಟಾರ್‌ನಲ್ಲಿ. ಆ ಮಂದ್ರದ ಸದ್ದು ಮೊಬೈಲ್‌ನಲ್ಲಿ ಬರುವುದೇ ಇಲ್ಲ. ಹಾಡು ಕೇಳುವ ಯಾವ ಆ್ಯಪ್ ಆದರೂ ಸರಿ. ಹೆಸರನ್ನು ಬ್ರೆಜಿಲ್‌ನವರು "ಜಿಲ್" ಅನ್ನುತ್ತಾರಾದರೂ ಹುಡುಕುವಾಗ ಇಂಗ್ಲಿಷಿನ ಜಿ ಅಕ್ಷರದಿಂದಲೇ ಟೈಪ್ ಮಾಡಿ. ಜೆ ಹಾಕಿದರೆ ಸಿಗುವುದಿಲ್ಲ.

ಇಲ್ಲೇ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. 1968, 1969 ಮತ್ತು 1971ರ ಮೂರು ಆಲ್ಬಮ್‌ಗಳ ಹೆಸರೂ ಒಂದೇ, ಬರೀ "ಜಿಲ್ಬೆರ್ಟೊ ಜಿಲ್". ಆ್ಯಪ್‌ಗಳು ಎಷ್ಟೋ ಸಲ ಮರುಬಿಡುಗಡೆಯ ವರ್ಷವನ್ನು ತೋರಿಸುತ್ತವೆ, ಅದನ್ನು ನಂಬಬೇಡಿ. ಹಾಡಿನ ಪಟ್ಟಿ ನೋಡಿ. "ದೊಮಿಂಗೊ ನೊ ಪಾರ್ಕಿ" ಇದ್ದರೆ 1968ರದ್ದು. "ಆಕೆಲಿ ಅಬ್ರಾಸೊ" ಇದ್ದರೆ 1969ರದ್ದು. ಹಾಡುಗಳು ಇಂಗ್ಲಿಷಿನಲ್ಲಿದ್ದರೆ 1971ರದ್ದು, ಅದು ಲಂಡನ್‌ನಲ್ಲಿ ಮಾಡಿದ್ದು.

ಹಂತ 1: ನಾಲ್ಕು ತಾಳಗಳನ್ನು ಕಿವಿಗೆ ಪರಿಚಯ ಮಾಡಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದು ಸಂಜೆ ಸಾಕು.

ಬಯಾಂವ್: ಈಶಾನ್ಯ ಬ್ರೆಜಿಲ್‌ನ ಹಳ್ಳಿಗಾಡಿನ ಕುಣಿತದ ಸಂಗೀತ. ಇದನ್ನು 1940ರ ದಶಕದಲ್ಲಿ ರೇಡಿಯೊ ಮೂಲಕ ದೇಶಕ್ಕೆಲ್ಲ ಹಬ್ಬಿಸಿದವರು ಅಕಾರ್ಡಿಯನ್ ವಾದಕ ಲೂಯಿಸ್ ಗೊಂಝಾಗಾ. ವಾದ್ಯ ಮೂರೇ: ಅಕಾರ್ಡಿಯನ್, ಕಬ್ಬಿಣದ ತ್ರಿಕೋನ, ಮತ್ತು ಜಬುಂಬಾ ಎಂಬ ಎರಡು ಮುಖದ ದೊಡ್ಡ ಡೋಲು. ನಮ್ಮ ಕೊನ್ನಕೋಲಿನಲ್ಲಿ "ತಕಿಟ ತಕಿಟ ತಕ" ಅಂತ ಹೇಳಿಕೊಳ್ಳಿ, 3+3+2, ಒಟ್ಟು ಎಂಟು. ಎರಡು ತಕಿಟಗಳ ಮೊದಲ ಅಕ್ಷರಕ್ಕೂ ಜಬುಂಬಾದ ದೊಡ್ಡ ಏಟು ಬೀಳುತ್ತದೆ. ಸ್ವರಗಳೂ ನಿಮಗೆ ಪೂರ್ತಿ ಹೊಸತಲ್ಲ. ಬಯಾಂವ್‌ನಲ್ಲಿ ಪದೇ ಪದೇ ಬರುವ ಎರಡು ಸ್ವರಶ್ರೇಣಿಗಳು ನಮ್ಮ ಹರಿಕಾಂಭೋಜಿ ಮತ್ತು ವಾಚಸ್ಪತಿ ಮೇಳಗಳ ಸ್ವರಗಳೇ. ರಾಗ ಅದೇ ಅಂತ ಹೇಳುತ್ತಿಲ್ಲ, ಗಮಕ ಇಲ್ಲ, ನಡೆ ಬೇರೆ. ಆದರೂ ಕರ್ನಾಟಕ ಸಂಗೀತ ಕೇಳಿದವರಿಗೆ ಆ ಕೈಶಿಕಿ ನಿಷಾದ ತಟ್ಟನೆ ಗುರುತು ಸಿಗುತ್ತದೆ.

ಸಾಂಬಾ: ಎರಡೆರಡು ಏಟಿನ ಲೆಕ್ಕ, ಭಾರ ಬೀಳುವುದು ಎರಡನೆಯದರ ಮೇಲೆ. ಸುರ್ದು ಎಂಬ ದೊಡ್ಡ ಡೋಲಿನ ಆ ಎರಡನೇ ಏಟನ್ನು ಹಿಡಿದುಕೊಳ್ಳಿ, ಮೇಲಿನ ಗದ್ದಲ ತಾನಾಗೇ ಜಾಗಕ್ಕೆ ಕೂರುತ್ತದೆ. ಇದೇ ಸಾಂಬಾವನ್ನು ಮೆಲುದನಿ ಮತ್ತು ಒಂದೇ ಗಿಟಾರ್‌ಗೆ ಇಳಿಸಿದ್ದು ಬೊಸ್ಸಾ ನೋವಾ, 1950ರ ದಶಕದ ಕೊನೆಯಲ್ಲಿ. ಅದರ ದೊಡ್ಡ ಹೆಸರು ಜೊವಾಂವ್ ಜಿಲ್ಬೆರ್ಟೊ. ಗಮನಿಸಿ, ಈ ಜಿಲ್ಬೆರ್ಟೊ ಬೇರೆ, ನಮ್ಮ ಜಿಲ್ ಬೇರೆ. ಇಬ್ಬರೂ ಬಹಿಯಾ ರಾಜ್ಯದವರೇ ಆದ್ದರಿಂದ ಗೊಂದಲ ಇನ್ನೂ ಜಾಸ್ತಿ.

ಇಜೆಶಾ: ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಉಳಿಸಿಕೊಂಡ ಕಂದೊಂಬ್ಲೆ ಎಂಬ ಧರ್ಮದ ಪೂಜೆಯಿಂದ ಬೀದಿಗೆ ಬಂದ ತಾಳ. ಅಗೊಗೊ ಅಂತ ಎರಡು ಬಾಯಿಯ ಗಂಟೆ ಇರುತ್ತದೆ, ಒಂದು ಎತ್ತರದ ಸದ್ದು, ಒಂದು ತಗ್ಗಿನ ಸದ್ದು. ನಿಧಾನ, ತೂಗುವ ಹಾಗೆ.

ರೆಗೆ: ಇದು ಜಮೈಕಾದ್ದು. ಗಿಟಾರ್ ಕತ್ತರಿಸುವುದು ಏಟಿನ ಮೇಲಲ್ಲ, ಎರಡು ಏಟುಗಳ ನಡುವೆ.

ಹಂತ 2: 1972ರ "ಎಕ್ಸ್‌ಪ್ರೆಸೊ 2222" ಹಾಕಿ

ಶುರುವಿಗೆ ಇದಕ್ಕಿಂತ ಒಳ್ಳೆ ಆಲ್ಬಮ್ ಇಲ್ಲ, ಈ ವಿಷಯದಲ್ಲಿ ನಾನು ಹಟಮಾರಿ. ಲಂಡನ್‌ನ ಗಡೀಪಾರು (ಅದರ ಕಥೆ ಹಂತ 3ರಲ್ಲಿದೆ) ಮುಗಿಸಿ ವಾಪಸ್ ಬಂದ ಜಿಲ್ ಮಾಡಿದ ಮೊದಲ ಸ್ಟುಡಿಯೊ ಆಲ್ಬಮ್ ಇದು. ಅಲ್ಲಿಯವರೆಗೆ ಕಲಿತದ್ದೆಲ್ಲ ಒಂದೇ ಕಡೆ ಸಿಗುತ್ತದೆ.

ಮೊದಲ ಟ್ರ್ಯಾಕ್‌ನಲ್ಲಿ ಜಿಲ್ ಇಲ್ಲವೇ ಇಲ್ಲ! ಪೆರ್ನಂಬುಕೊ ರಾಜ್ಯದ ಕರುವಾರು ಎಂಬ ಊರಿನ ಕೊಳಲು ಮೇಳದವರು ನುಡಿಸುತ್ತಾರೆ. ತಪ್ಪು ಫೈಲ್ ಬಂತು ಅಂದುಕೊಂಡು ಮುಂದೆ ಓಡಿಸಬೇಡಿ, ಅದನ್ನು ಬೇಕಂತಲೇ ಇಟ್ಟಿದ್ದಾರೆ. 1967ರಲ್ಲಿ ಪೆರ್ನಂಬುಕೊಗೆ ಹೋಗಿದ್ದಾಗ ಈ ಮೇಳವನ್ನು ಕೇಳಿ ಜಿಲ್ ದಂಗಾಗಿದ್ದರು. ಅದೇ ಹೊತ್ತಿಗೆ ತಲೆ ತುಂಬ ಬೀಟಲ್ಸ್ ಕೂಡ ಇದ್ದರು. ಎರಡನ್ನೂ ಒಟ್ಟಿಗೆ ಇಟ್ಟರೆ ಹೇಗೆ ಅನ್ನುವ ಯೋಚನೆಯೇ ಮುಂದಿನ ಎಲ್ಲಕ್ಕೂ ಬೀಜ.

ಎರಡನೇ ಹಾಡು "ಬ್ಯಾಕ್ ಇನ್ ಬಹಿಯಾ", ಪಕ್ಕಾ ರಾಕ್. ಲ್ಯಾನಿ ಗೊರ್ದಿನ್ ಅವರ ಎಲೆಕ್ಟ್ರಿಕ್ ಗಿಟಾರ್ ಕಿಡಿ ಹಾರಿಸುತ್ತದೆ. ಲಂಡನ್‌ನಲ್ಲಿದ್ದಾಗ ಊರು ಹೇಗೆ ನೆನಪಾಗುತ್ತಿತ್ತು ಅನ್ನುವುದು ವಿಷಯ. ಆದರೆ ಜಿಲ್ ಮಾತುಗಳನ್ನು ಒಂದರ ಹಿಂದೆ ಒಂದು ಉದುರಿಸುವ ರೀತಿಯನ್ನು ಗಮನಿಸಿ. ಆ ವೇಗ ಅಮೆರಿಕದ ರಾಕ್‌ನದ್ದಲ್ಲ, ಈಶಾನ್ಯ ಬ್ರೆಜಿಲ್‌ನ ಸಂತೆಗಳಲ್ಲಿ ಸ್ಪರ್ಧೆಗೆ ಬಿದ್ದು ಹಾಡುವವರದ್ದು.

ಆಮೇಲೆ ಶೀರ್ಷಿಕೆ ಹಾಡು. 2000ನೇ ಇಸವಿಯನ್ನೂ ದಾಟಿ ಹೋಗುವ ಒಂದು ಕಾಲ್ಪನಿಕ ರೈಲಿನ ಕಥೆ. ಇದನ್ನು ಎರಡು ಸಲ ಕೇಳಿ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಗಿಟಾರ್ ಮೇಲೆ ಮಾತ್ರ ಗಮನ ಇಡಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಡೋಲಿನ ಕೆಲಸ ಮಾಡುತ್ತಿರುತ್ತದೆ, ಉಳಿದ ಬೆರಳುಗಳು ಅಡ್ಡಡ್ಡ ಕತ್ತರಿಸುತ್ತಿರುತ್ತವೆ, ಬಾಯಿ ಮೂರನೇ ಕಡೆ ಹೋಗುತ್ತಿರುತ್ತದೆ. ಚಿಕ್ಕಂದಿನಲ್ಲಿ ಇತುವಾಸು ಎಂಬ ಸಣ್ಣ ಊರಿನಲ್ಲಿ ಗೊಂಝಾಗಾ ಅವರನ್ನು ಕೇಳಿ ಅಕಾರ್ಡಿಯನ್ ಹಿಡಿದ ಹುಡುಗ, ದೊಡ್ಡವನಾದ ಮೇಲೆ ಜೊವಾಂವ್ ಜಿಲ್ಬೆರ್ಟೊ ಅವರನ್ನು ಕೇಳಿ ಗಿಟಾರ್‌ಗೆ ಬಂದ. ಆ ಎರಡೂ ಪಾಠ ಒಂದೇ ಕೈಯಲ್ಲಿ ಕೂತಿರುವುದು ಇಲ್ಲಿ ಕೇಳಿಸುತ್ತದೆ.

ಇದೇ ಆಲ್ಬಮ್‌ನಲ್ಲಿ "ಚಿಕ್ಲೆಚಿ ಕೊಂ ಬನಾನಾ" ಎಂಬ ಹಳೆಯ ಹಾಡೂ ಇದೆ. ಇದನ್ನು 1959ರಲ್ಲಿ ಜಾಕ್ಸನ್ ದು ಪಂದೇರು ಹಾಡಿದ್ದರು. ಅಮೆರಿಕದವನು ಮೊದಲು ನಮ್ಮ ತಮಟೆ ಕಲಿಯಲಿ, ಆಮೇಲೆ ನಾನು ಅವನ ಬೀಬಾಪ್ ಅನ್ನು (ವೇಗದ ಜಾಝ್ ಶೈಲಿ) ನನ್ನ ಸಾಂಬಾದಲ್ಲಿ ಹಾಕುತ್ತೇನೆ ಅನ್ನುವ ತಮಾಷೆಯ ಷರತ್ತು ಅದರಲ್ಲಿದೆ. ಜಿಲ್ ಬೆರಕೆಯ ವ್ಯಾಪಾರ ಯಾವ ಲೆಕ್ಕದಲ್ಲಿ ನಡೆಯುತ್ತದೆ ಅಂತ ಕೇಳುವವರಿಗೆ ನಾನು ಈ ಹಾಡನ್ನೇ ತೋರಿಸುವುದು.

ಹಂತ 3: ಈಗ ಹಿಂದಕ್ಕೆ, 1967ರಿಂದ 1969

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಬ್ರೆಜಿಲ್‌ನಲ್ಲಿ 1964ರಲ್ಲಿ ಮಿಲಿಟರಿ ಆಡಳಿತ ಬಂತು. ಟಿವಿಯಲ್ಲಿ ನಡೆಯುವ ಹಾಡಿನ ಸ್ಪರ್ಧೆಗಳು ಆಗ ಭಾರೀ ಜನಪ್ರಿಯ. ನಮ್ಮದೇ ಸಂಗೀತ ಉಳಿಯಬೇಕು, ಎಲೆಕ್ಟ್ರಿಕ್ ಗಿಟಾರ್ ಬೇಡ ಅಂತ 1967ರ ಜುಲೈನಲ್ಲಿ ಸಾವೊ ಪಾಲೊದಲ್ಲಿ ಒಂದು ಮೆರವಣಿಗೆಯೇ ನಡೆಯಿತು. ಗಾಯಕಿ ಎಲಿಸ್ ರೆಜಿನಾ ಅವರ ಜೊತೆ ಜಿಲ್ ಕೂಡ ಅದರಲ್ಲಿ ನಡೆದರು. ಮೂರೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ, ಟಿವಿ ರೆಕಾರ್ಡ್ ಎಂಬ ವಾಹಿನಿಯ ಸ್ಪರ್ಧೆಯಲ್ಲಿ ಅದೇ ಜಿಲ್ ಮುಟಾಂಟಿಸ್ ಎಂಬ ಹುಡುಗರ ರಾಕ್ ತಂಡವನ್ನು ಕರೆದುಕೊಂಡು ವೇದಿಕೆ ಹತ್ತಿದರು! "ದೊಮಿಂಗೊ ನೊ ಪಾರ್ಕಿ" ಹಾಡಿ ಎರಡನೇ ಬಹುಮಾನ ತೆಗೆದುಕೊಂಡರು.

ಈ ಹಾಡನ್ನು ಕೇಳುವ ಮೊದಲು ಕಥೆ ಓದಿಕೊಳ್ಳಿ, ಇಲ್ಲದಿದ್ದರೆ ಮಜಾ ಅರ್ಧ. ಜೊಸೆ ಸಂತೆಯಲ್ಲಿ ದುಡಿಯುವವನು, ಜೊವಾಂವ್ ಕಟ್ಟಡ ಕೆಲಸದವನು, ಇಬ್ಬರೂ ಗೆಳೆಯರು. ಭಾನುವಾರ ಪಾರ್ಕಿನಲ್ಲಿ ತಾನು ಮೆಚ್ಚಿದ ಜೂಲಿಯಾನಾ ಜೊವಾಂವ್ ಜೊತೆ ತೊಟ್ಟಿಲು ಚಕ್ರದಲ್ಲಿ ಕೂತಿರುವುದನ್ನು ಜೊಸೆ ನೋಡುತ್ತಾನೆ. ಐಸ್‌ಕ್ರೀಮ್, ಗುಲಾಬಿ, ಕೆಂಪು, ಚಾಕು. ಕೆಳಗೆ ಬೆರಿಂಬಾವ್ ಮಿಡಿಯುತ್ತಿರುತ್ತದೆ. ಬಿಲ್ಲಿನ ಆಕಾರದ ಈ ಒಂಟಿ ತಂತಿಯ ವಾದ್ಯವನ್ನು ಕಪೋಯೆರಾ ಎಂಬ ಬಹಿಯಾದ ಕಾಳಗದ ಆಟಕ್ಕೆ ನುಡಿಸುತ್ತಾರೆ. ಅದರ ಮೇಲೆ ರಾಕ್ ಗಿಟಾರ್, ಅದರ ಮೇಲೆ ರೊಜೇರಿಯೊ ದುಪ್ರಾ ಬರೆದ ಆರ್ಕೆಸ್ಟ್ರಾ. ಚಕ್ರ ತಿರುಗಿದ ಹಾಗೆ ಸಂಗೀತವೂ ಸುತ್ತುತ್ತದೆ. ನನ್ನ ಪ್ರಕಾರ ಜಿಲ್ ಅವರ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ.

ಇಲ್ಲಿಂದ ಶುರುವಾದದ್ದೇ ಬ್ರೆಜಿಲ್‌ನ ಸಂಗೀತಕ್ಕೆ ರಾಕ್ ಬೆರೆಸುವ ತ್ರೊಪಿಕಾಲಿಯಾ ಚಳವಳಿ. ಜಿಲ್, ಅವರ ಗೆಳೆಯ ಕಾಯೆತಾನೊ ವೆಲೋಸೊ, ಗಾಲ್ ಕೋಸ್ಟಾ, ಟಾಮ್ ಝೇ, ಮುಟಾಂಟಿಸ್ ಎಲ್ಲ ಸೇರಿ 1968ರಲ್ಲಿ ಆ ಹೆಸರಿನ ಸಾಮೂಹಿಕ ಆಲ್ಬಮ್ ಮಾಡಿದರು. ಬಲಪಂಥದ ಮಿಲಿಟರಿಗೂ ಸಿಟ್ಟು, ಎಡಪಂಥದ ವಿದ್ಯಾರ್ಥಿಗಳಿಗೂ ಸಿಟ್ಟು. ಆ ವರ್ಷ ಡಿಸೆಂಬರ್ 13ಕ್ಕೆ ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡ ಎಐ-5 ಎಂಬ ಕಠೋರ ಆದೇಶ ಬಂತು, 27ಕ್ಕೆ ಜಿಲ್ ಮತ್ತು ಕಾಯೆತಾನೊ ಬಂಧನವಾಯಿತು. 1969ರ ಫೆಬ್ರವರಿಯಲ್ಲಿ ಬಿಟ್ಟರೂ ಬಹಿಯಾದ ರಾಜಧಾನಿ ಸಾಲ್ವಡೋರ್ ನಗರ ಬಿಟ್ಟು ಹೋಗುವ ಹಾಗಿರಲಿಲ್ಲ. ಜುಲೈನಲ್ಲಿ ದೇಶದಿಂದಲೇ ಹೊರಗೆ ಕಳಿಸಿದರು.

1969ರ ಆಲ್ಬಮ್‌ನ ದನಿ ಮತ್ತು ಗಿಟಾರ್ ರೆಕಾರ್ಡ್ ಆದದ್ದು ಆ ಸಾಲ್ವಡೋರ್ ದಿನಗಳಲ್ಲಿ. ದುಪ್ರಾ ಉಳಿದ ವಾದ್ಯಗಳನ್ನು ಆಮೇಲೆ ಬೇರೆ ಊರಿನಲ್ಲಿ ಸೇರಿಸಿದರು. ಇದು ಗೊತ್ತಿದ್ದರೆ ಕೆಲವು ಹಾಡುಗಳಲ್ಲಿ ದನಿ ಒಂದು ಕೋಣೆಯಲ್ಲಿ, ಬ್ಯಾಂಡ್ ಇನ್ನೊಂದು ಕೋಣೆಯಲ್ಲಿ ಇದ್ದ ಹಾಗೆ ಕೇಳಿದರೆ ನಿಮಗೆ ಆಶ್ಚರ್ಯ ಆಗುವುದಿಲ್ಲ. "ಆಕೆಲಿ ಅಬ್ರಾಸೊ" ಇದರಲ್ಲೇ ಇದೆ. ಕುಣಿಸುವ ಸಾಂಬಾ, ಆದರೆ ನಿಜದಲ್ಲಿ ದೇಶಕ್ಕೆ ಹೇಳಿದ ವಿದಾಯ. ತಮ್ಮನ್ನು ಕೂಡಿಹಾಕಿದ್ದ ರಿಯಾಲೆಂಗೊ ಬಡಾವಣೆಗೂ ಒಂದು ಅಪ್ಪುಗೆ ಕಳಿಸುತ್ತಾರೆ!

1968ರ ಆಲ್ಬಮ್‌ನ ಮುಖಪುಟ ನೋಡಿದಿರಾ? ಬ್ರೆಜಿಲ್‌ನ ಸಾಹಿತ್ಯ ಅಕಾಡೆಮಿಯ ಸದಸ್ಯರು ಹಾಕುವ ಜರಿಯ ಸಮವಸ್ತ್ರದಲ್ಲಿ ಜಿಲ್ ಕೂತಿದ್ದಾರೆ, ಅಣಕಕ್ಕೆ. 2021ರಲ್ಲಿ ಅದೇ ಅಕಾಡೆಮಿ ಅವರನ್ನು ನಿಜವಾಗಿಯೂ ಸದಸ್ಯರಾಗಿ ಆರಿಸಿತು.

ಎಚ್ಚರಿಕೆ: ಈ ಹಂತದಲ್ಲಿ ಕಿರಿಕಿರಿ ಆಗುವುದು ಸಹಜ. ಸದ್ದು, ಕೂಗು, ಅರ್ಧಕ್ಕೆ ತುಂಡಾಗುವ ಹಾಡು ಎಲ್ಲ ಇವೆ. ಅದಕ್ಕೇ ಇದನ್ನು ಮೊದಲ ಹಂತದಲ್ಲಿ ಇಡಲಿಲ್ಲ.

ಹಂತ 4: "ರೆ" ಆಲ್ಬಮ್‌ಗಳು, ಒಂದು ವಾರಕ್ಕೆ ಒಂದು

"ರೆಫಜೆಂಡಾ" (1975), "ರೆಫವೆಲಾ" (1977), "ರಿಯಾಲ್ಸಿ" (1979). ಮೂರನ್ನೂ ಒಂದೇ ದಿನ ಕೇಳಬೇಡಿ, ಒಂದರ ರುಚಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ರೆಫಜೆಂಡಾ ಹಳ್ಳಿಯದು. ಗೊಂಝಾಗಾ ಅವರ ಶಿಷ್ಯ ದೊಮಿಂಗಿನ್ಯೋಸ್ ಅಕಾರ್ಡಿಯನ್ ನುಡಿಸಿದ್ದಾರೆ. "ಲಮೆಂತು ಸೆರ್ತನೇಜು" ಇಬ್ಬರೂ ಸೇರಿ ಮಾಡಿದ ಹಾಡು. ಒಣನಾಡಿನ ಹಳ್ಳಿಯಿಂದ ಬಂದವನು ನಗರದಲ್ಲಿ ಯಾರ ಜೊತೆಗೂ ಹೊಂದಿಕೊಳ್ಳಲಾಗದೆ ಒಬ್ಬನೇ ಉಳಿಯುವ ಸಂಕಟ. ಬೆಂಗಳೂರಿಗೆ ಕೆಲಸಕ್ಕೆ ಬಂದು ನೆಲೆಸಿದ ಯಾರಿಗೇ ಆದರೂ ಈ ಹಾಡಿಗೆ ಅನುವಾದ ಬೇಕಾಗಲಿಕ್ಕಿಲ್ಲ.

ರೆಫವೆಲಾ ಆಫ್ರಿಕಾದ ಕಡೆ ತಿರುಗುತ್ತದೆ. 1977ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಫೆಸ್ಟಾಕ್ ಎಂಬ ದೊಡ್ಡ ಕಪ್ಪು ಕಲೆಗಳ ಉತ್ಸವ ನಡೆಯಿತು, ಜಿಲ್ ಅಲ್ಲಿಗೆ ಹೋಗಿಬಂದು ಈ ಆಲ್ಬಮ್ ಮಾಡಿದರು. ಫವೆಲಾ ಅಂದರೆ ಬ್ರೆಜಿಲ್ ನಗರಗಳ ಬಡವರ ಗುಡ್ಡದ ಬಡಾವಣೆ. ಬೊಸ್ಸಾ ನೋವಾ ಕಾಲದ "ಸಾಂಬಾ ದು ಅವಿಯಾಂವ್" ಅನ್ನು ಇಲ್ಲಿ ಫಂಕ್ ಎಂಬ ಅಮೆರಿಕದ ಕಪ್ಪು ಜನರ ಕುಣಿತದ ಶೈಲಿಗೆ ತಿರುಗಿಸಿದ್ದಾರೆ. ಹಳೆಯದನ್ನು ಕೇಳಿ ಇದನ್ನು ಕೇಳಿದರೆ ಎರಡು ತಾಳ ಹೇಗೆ ಒಂದರೊಳಗೊಂದು ಹೋಗುತ್ತವೆ ಅಂತ ಸ್ಪಷ್ಟವಾಗಿ ಸಿಗುತ್ತದೆ.

ರಿಯಾಲ್ಸಿ ಲಾಸ್ ಏಂಜಲೀಸ್‌ನಲ್ಲಿ ರೆಕಾರ್ಡ್ ಆದ ಥಳಕಿನ ಆಲ್ಬಮ್. ಆಗ ಬಹಳ ಜನ ಮೂಗು ಮುರಿದರು. "ಟೋಡಾ ಮೆನೀನಾ ಬಯಾನಾ" ಇದರಲ್ಲೇ ಇದೆ, ಅದೊಂದಕ್ಕೇ ಕಾಸು ವಸೂಲಿ.

ಹಂತ 5: ಗಾಂಧಿ ಮಕ್ಕಳ ಮೆರವಣಿಗೆ

ಭಾರತದವರಿಗೆ ಇದು ಬಿಡಬಾರದ ನಿಲ್ದಾಣ. ಗಾಂಧೀಜಿ ಹತ್ಯೆಯಾದ ಮರುವರ್ಷ, 1949ರಲ್ಲಿ, ಸಾಲ್ವಡೋರ್ ಬಂದರಿನ ಹಮಾಲರು ಕಾರ್ನಿವಲ್‌ಗೆ ಒಂದು ತಂಡ ಕಟ್ಟಿದರು, ಹೆಸರು "ಫಿಲ್ಯೋಸ್ ದಿ ಗಾಂಧಿ", ಗಾಂಧಿಯ ಮಕ್ಕಳು. ಬಿಳಿ ಬಟ್ಟೆ, ತಲೆಗೆ ಬಿಳಿ ರುಮಾಲು, ಕೊರಳಲ್ಲಿ ನೀಲಿ-ಬಿಳಿ ಮಣಿಸರ. ನುಡಿಸುವುದು ಇಜೆಶಾ ತಾಳ. ಇಂಥ ತಂಡಕ್ಕೆ ಅಫೊಶೆ ಅನ್ನುತ್ತಾರೆ, ಕಂದೊಂಬ್ಲೆಯ ಸಂಗೀತವನ್ನು ಬೀದಿಗೆ ತರುವ ಮೇಳ. 1970ರ ದಶಕದಲ್ಲಿ ತಂಡ ಸೊರಗಿತ್ತು. ಲಂಡನ್‌ನಿಂದ ಬಂದ ಜಿಲ್ ತಾವೇ ಸೇರಿಕೊಂಡರು, ಅವರ ಮೇಲೆ ಹಾಡು ಕಟ್ಟಿದರು, ತಂಡಕ್ಕೆ ಮತ್ತೆ ಜೀವ ಬಂತು.

ಆ ಹಾಡಿನ ಉದ್ದದ ರೂಪ "ಜಿಲ್ ಇ ಜೋರ್ಜಿ" (1975) ಆಲ್ಬಮ್‌ನಲ್ಲಿದೆ. ಜಿಲ್ ಮತ್ತು ಜೋರ್ಜಿ ಬೆನ್ ಇಬ್ಬರೂ ಗಿಟಾರ್ ಹಿಡಿದು ಎದುರುಬದುರು ಕೂತು ಮನಸ್ಸಿಗೆ ಬಂದ ಹಾಗೆ ಹಾಡಿದ್ದು. ಕೆಲವು ಹಾಡುಗಳು ಹತ್ತು ನಿಮಿಷ ದಾಟುತ್ತವೆ. ಜೋರ್ಜಿ ಬೆನ್ ಅವರ "ತಾಜ್ ಮಹಲ್" ಕೂಡ ಇದೆ. ಕೆಲಸ ಮಾಡುತ್ತಾ ಕೇಳುವುದಕ್ಕೆ ಇದು ಆಗುವುದಿಲ್ಲ, ಕೆಲಸ ನಿಂತುಹೋಗುತ್ತದೆ.

ಹಂತ 6: ರೆಗೆ

ಲಂಡನ್‌ನಲ್ಲಿ ಜಮೈಕಾದವರ ನೆರೆಯಲ್ಲಿ ಹತ್ತಿದ ರುಚಿ ಇದು. ಜಮೈಕಾದ ಗಾಯಕ ಬಾಬ್ ಮಾರ್ಲಿಯ "ನೊ ವುಮನ್ ನೊ ಕ್ರೈ" ಹಾಡನ್ನು ಜಿಲ್ ಪೋರ್ಚುಗೀಸ್‌ಗೆ ತಂದರು, "ನಾಂವ್ ಶೋರಿ ಮಾಯಿಸ್". ಜಮೈಕಾದ ಬಡಾವಣೆಯ ಅಂಗಳ ಹೋಗಿ ರಿಯೊ ನಗರದ ಸಮುದ್ರ ಪಕ್ಕದ ಹುಲ್ಲುಹಾಸು ಬಂತು. ಕಣ್ಮರೆಯಾದ ಗೆಳೆಯರ ಸಾಲುಗಳು ಅಲ್ಲಿ ಬೇರೆಯೇ ಅರ್ಥ ಪಡೆದವು, ಯಾಕೆಂದರೆ ಆಗ ಮಿಲಿಟರಿ ಆಡಳಿತ ಇನ್ನೂ ಇತ್ತು. ಗಡೀಪಾರಾದವರಿಗೆ ಕ್ಷಮಾದಾನ ಕೊಡುವ ಕಾನೂನು ಬಂದ 1979ರಲ್ಲಿ ಇದು ಎಲ್ಲರ ಬಾಯಲ್ಲಿತ್ತು. ಮುಂದೆ 1984ರ "ವಾಮೋಸ್ ಫುಜಿರ್", ಜಮೈಕಾದಲ್ಲೇ ಮಾರ್ಲಿಯ ತಂಡವಾಗಿದ್ದ ವೇಲರ್ಸ್ ಜೊತೆ ಮಾಡಿದ್ದು. 2002ರ "ಕಾಯಾ ಎನ್‌ಗನ್ ದಾಯಾ" ಪೂರ್ತಿ ಬಾಬ್ ಮಾರ್ಲಿಗೆ ಕೊಟ್ಟ ಗೌರವ. ಅದು ಒಳ್ಳೆಯದೇ, ಆದರೆ ಅದರಿಂದ ಶುರು ಮಾಡಿದವರು ಜಿಲ್ ಅಂದರೆ ಬ್ರೆಜಿಲ್‌ನ ರೆಗೆ ಗಾಯಕ ಅಂದುಕೊಂಡುಬಿಡುತ್ತಾರೆ. ಕ್ರಮ ತಪ್ಪಿಸಬೇಡಿ.

ಹಂತ 7: ಉಳಿದದ್ದು, ಆಯ್ದುಕೊಂಡು

1980ರ ದಶಕದ ಆಲ್ಬಮ್‌ಗಳಲ್ಲಿ ಸಿಂಥಸೈಜರ್ ಜಾಸ್ತಿ. ಹಾಡು ಚೆನ್ನಾಗಿದ್ದರೂ ಸದ್ದು ಹಳತಾಗಿದೆ, ನನಗಂತೂ ಪೂರ್ತಿ ಕೇಳೋಕೆ ಆಗುವುದಿಲ್ಲ. ಒಂದು ಉಪಾಯ ಇದೆ. ಆ ಕಾಲದ ಎಷ್ಟೋ ಹಾಡುಗಳು 1994ರ "ಅಕೂಸ್ತಿಕೊ ಎಂಟಿವಿ" ಲೈವ್ ಆಲ್ಬಮ್‌ನಲ್ಲಿ ಬರೀ ಅಕೂಸ್ಟಿಕ್ ವಾದ್ಯಗಳ ಜೊತೆ ಸಿಗುತ್ತವೆ, ಅಲ್ಲೇ ಕೇಳಿ. ತಾಳಕ್ಕಿಂತ ಮೆಲುದನಿ ಇಷ್ಟಪಡುವವರು 2014ರ "ಜಿಲ್ಬೆರ್ಟೋಸ್ ಸಾಂಬಾ" ತೆಗೆದುಕೊಳ್ಳಿ. ಜೊವಾಂವ್ ಜಿಲ್ಬೆರ್ಟೊ ಹಾಡುತ್ತಿದ್ದ ಹಾಡುಗಳನ್ನು ಜಿಲ್ ಮತ್ತೆ ಹಾಡಿದ್ದಾರೆ.

ನಡುವೆ 2003ರಿಂದ 2008ರವರೆಗೆ ಜಿಲ್ ಬ್ರೆಜಿಲ್‌ನ ಸಂಸ್ಕೃತಿ ಸಚಿವರಾಗಿದ್ದರು. ಆ ಕಾಲದ ಒಂದು ವಿಡಿಯೊ ಹುಡುಕಿ ನೋಡಿ. 2003ರಲ್ಲಿ ವಿಶ್ವಸಂಸ್ಥೆಯ ಸಭಾಂಗಣದಲ್ಲಿ ಸಚಿವರು ಹಾಡುತ್ತಿದ್ದಾರೆ, ಪಕ್ಕದಲ್ಲಿ ಡ್ರಮ್ ಬಾರಿಸುತ್ತಿರುವವರು ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್.

ಸಾಹಿತ್ಯದ ಬಗ್ಗೆ ಒಂದು ಮಾತು

ಎಲ್ಲರೂ ಮಾಡುವ ತಪ್ಪು: ಮೊದಲ ಸಲವೇ ಫೋನಿನಲ್ಲಿ ಸಾಹಿತ್ಯದ ಯಂತ್ರಾನುವಾದ ತೆರೆದುಕೊಂಡು ಕೂರುವುದು. ಜಿಲ್ ಅವರ ಸಾಲುಗಳಲ್ಲಿ ಪದಗಳ ಆಟ ಬಹಳ, ಯಂತ್ರ ಅದನ್ನು ಹಾಳು ಮಾಡುತ್ತದೆ. ಕಥೆ ಇರುವ ಹಾಡುಗಳಿಗೆ ಮಾತ್ರ ಸಾರಾಂಶ ಓದಿಕೊಳ್ಳಿ, ಉಳಿದವನ್ನು ಮೂರು ನಾಲ್ಕು ಸಲ ಕೇಳಿದ ಮೇಲೆ ನೋಡಿದರೆ ಸಾಕು. "ಬ್ರೆಜಿಲಿಯನ್ ಚಿಲ್" ಥರದ ಪ್ಲೇಲಿಸ್ಟ್‌ಗಳಿಂದಲೂ ದೂರ ಇರಿ. ಅವುಗಳಲ್ಲಿ ಬೊಸ್ಸಾ ನೋವಾದ ಮೆತ್ತನೆಯ ಭಾಗವನ್ನಷ್ಟೇ ಹೆಕ್ಕಿರುತ್ತಾರೆ, ಜಬುಂಬಾ ಇರುವ ಹಾಡು ಹುಡುಕಿದರೂ ಸಿಗುವುದು ಕಷ್ಟ.

ಇಷ್ಟು ಮುಗಿಸಿದ ಮೇಲೆ ಮುಂದೇನು ಅಂತ ಕೇಳುತ್ತೀರಿ ಅಲ್ವಾ? ಕಾಯೆತಾನೊ ವೆಲೋಸೊ ಲಂಡನ್‌ನಲ್ಲಿ ರೆಕಾರ್ಡ್ ಮಾಡಿದ "ಟ್ರಾನ್ಸಾ" (1972) ಮತ್ತು ಜೋರ್ಜಿ ಬೆನ್ ಅವರ "ಅ ತಾಬುವಾ ದಿ ಎಸ್ಮೆರಾಲ್ದಾ" (1974), ಈ ಎರಡನ್ನು ತೆಗೆದುಕೊಳ್ಳಿ. ಬಯಾಂವ್ ಹಿಡಿಸಿದವರು ಮಾತ್ರ ಇವನ್ನು ಆಮೇಲೆ ಇಟ್ಟುಕೊಂಡು ನೇರ ಲೂಯಿಸ್ ಗೊಂಝಾಗಾ ಅವರ ಹಳೆಯ ರೆಕಾರ್ಡಿಂಗ್‌ಗಳಿಗೆ ಹೋಗಿ.